ಗಾಳ ಹಾಕುವ ಮುನ್ನ ತಿಥಿ ನೋಡಿ

ನಮ್ಮ ಸಂಘದ ಪ್ರವಾಸಗಳೆಂದರೆ ವಾಚಕರಿಗೆ ತಿಳಿದೇ ಇದೆ. ಒಂದು ವರ್ಷ ಪಂಢರಪುರ, ಇನ್ನೊಂದು ವರ್ಷ ಮಹಾಬಳೇಶ್ವರ, ಹಣ ಕೊಂಚ ಹೆಚ್ಚು ಸೇರಿದ ವರ್ಷ ಹಂಪೆ. ಬಸ್ಸಿನ ಬಾಡಿಗೆಯನ್ನು ತಲೆಗಿಷ್ಟೆಂದು ಹಂಚಿ, ಪುಳಿಯೋಗರೆಯ ಪಾತ್ರೆ ಯಾರ ಮನೆಯದೆಂದು ಬರೆದಿಟ್ಟು, ಮಿಕ್ಕ ಚಿಲ್ಲರೆಯನ್ನು ಸಂಘದ ಪೆಟ್ಟಿಗೆಗೆ ಸೇರಿಸುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಕಚೇರಿಯಲ್ಲಿ ಗುಮಾಸ್ತನಾದವನಿಗೆ ಹೊರಗೂ ಅದೇ ಗತಿ! ಆದ್ದರಿಂದಲೇ ಇರಬೇಕು, ಸಂಘದ ಆರು ಮಂದಿ ತರುಣ ಮಿತ್ರರು ಶಾಂತಸಾಗರದ ನಡುವಿನ ಒಂದು ದ್ವೀಪಕ್ಕೆ ಹೋಗಿ ಗಾಳ ಹಾಕುವುದೆಂದು ನಿಶ್ಚಯಿಸಿದಾಗ ತಮ್ಮ ಯೋಜನೆಯ ಕಾಗದವನ್ನು ನನ್ನ ಮುಂದೆ ತಂದಿಟ್ಟರು. ಗಾಳದ ಕೋಲನ್ನು ನಾನು ಈ ಜನ್ಮದಲ್ಲಿ ಹಿಡಿದವನಲ್ಲ. ಆದರೆ ಆರು ಮನೆಗಳ ಉಳಿತಾಯ ಒಂದೇ ಚೀಲಕ್ಕೆ ಬೀಳುವಾಗ ಏನೇನು ಕೇಳಬೇಕು ಎಂಬುದನ್ನು ಬಲ್ಲೆ.

ಇದು ನಮ್ಮ ಕೆರೆಯ ದಂಡೆಯಲ್ಲಿ ಎರೆಹುಳು ಚುಚ್ಚಿ ಕೂರುವ ಗಾಳವಲ್ಲ. ಇದರ ಹೆಸರು ಫ್ಲೈ ಫಿಶಿಂಗ್. ಗರಿ, ಕೂದಲು, ದಾರ ಸುತ್ತಿ ಮಾಡಿದ ಹುಸಿ ನೊಣವನ್ನೋ ಹುಸಿ ಸೀಗಡಿಯನ್ನೋ ಕೊಕ್ಕೆಗೆ ಕಟ್ಟುತ್ತಾರೆ. ಸಾಮಾನ್ಯ ಗಾಳದಲ್ಲಿ ಸೀಸದ ಗುಂಡಿನ ಭಾರ ದಾರವನ್ನು ಎಳೆದೊಯ್ಯುತ್ತದೆ. ಇಲ್ಲಿ ಕೊಕ್ಕೆಗೆ ಭಾರವೇ ಇಲ್ಲ. ದಾರವೇ ದಪ್ಪವಾಗಿ, ಭಾರವಾಗಿ ಇದ್ದು, ಚಾಟಿಯಂತೆ ಹಿಂದೆ ಮುಂದೆ ಬೀಸಿದಾಗ ಆ ಹಗುರ ಕೊಕ್ಕೆಯನ್ನು ತನ್ನೊಡನೆ ಒಯ್ದು ನೀರಿನ ಮೇಲೆ ಮೆಲ್ಲಗೆ ಇಳಿಸುತ್ತದೆ. ಎದುರುಗಾಳಿ ಬೀಸಿದರೆ ಕಲಿತವನ ಕೈಯೂ ಸೋಲುತ್ತದೆ. ಆದ್ದರಿಂದ ನನ್ನ ಮೊದಲ ಸಲಹೆ, ವಿಮಾನದ ಟಿಕೇಟಿಗಿಂತ ಮುಂಚೆ ಮೂರು ನಾಲ್ಕು ತಿಂಗಳು ಭಾನುವಾರದ ಬೆಳಿಗ್ಗೆ ಯಾವುದಾದರೂ ಬಯಲಿನಲ್ಲಿ, ಕೊಕ್ಕೆ ಇಲ್ಲದ ದಾರವನ್ನು ಗಾಳಿಗೆದುರಾಗಿ ಬೀಸಿ ಅಭ್ಯಾಸ ಮಾಡಿರಿ. ನೋಡಿದವರು ನಕ್ಕರೆ ನಗಲಿ.

ಮಿತ್ರರು ಆರಿಸಿಕೊಂಡ ದ್ವೀಪದ ಹೆಸರನ್ನು ಬರೆದಂತೆ ಓದಿದರೆ ಕಿರಿಟಿಮಟಿ. ಅಲ್ಲಿನವರು ಹೇಳುವುದು ‘ಕಿರಿಸ್ಮಾಸ್’ ಎಂದು. ಅವರ ಬರವಣಿಗೆಯಲ್ಲಿ ‘ಸ’ಕಾರಕ್ಕೆ ಬೇರೆ ಅಕ್ಷರವಿಲ್ಲದೆ ‘ಟಿ’ಯೇ ಆ ಕೆಲಸ ಮಾಡುತ್ತದೆ. ಅದು ಸೇರಿದ ದೇಶ ಕಿರಿಬಾಟಿಯನ್ನೂ ಹೀಗೆಯೇ ‘ಕಿರಿಬಾಸ್’ ಎನ್ನಬೇಕು. ಕ್ಯಾಪ್ಟನ್ ಕುಕ್ 1777ರ ಡಿಸೆಂಬರ್ 24ರಂದು ಈ ದ್ವೀಪವನ್ನು ಕಂಡದ್ದರಿಂದ ಕ್ರಿಸ್‌ಮಸ್ ಎಂಬ ಹೆಸರು ಅಂಟಿತು. ಒಣನೆಲದ ವಿಸ್ತಾರದ ಲೆಕ್ಕದಲ್ಲಿ ಜಗತ್ತಿನ ಹವಳದ ಕಂಕಣದ್ವೀಪಗಳಲ್ಲೆಲ್ಲ ಇದೇ ದೊಡ್ಡದು. ಇಲ್ಲಿ ಲಂಡನ್, ಪೋಲೆಂಡ್, ಬನಾನಾ ಎಂಬ ಹಳ್ಳಿಗಳಿವೆ. ಪ್ಯಾರಿಸ್ ಎಂಬುದೂ ಇತ್ತು, ಈಗ ಪಾಳುಬಿದ್ದಿದೆ. 1957–58ರಲ್ಲಿ ಬ್ರಿಟಿಷರೂ 1962ರಲ್ಲಿ ಅಮೆರಿಕನ್ನರೂ ಅಣ್ವಸ್ತ್ರಗಳನ್ನು ಪರೀಕ್ಷಿಸಿದ್ದು ಈ ದ್ವೀಪದ ಬಳಿಯಲ್ಲಿಯೇ. 1979ರಲ್ಲಿ ದೇಶ ಸ್ವತಂತ್ರವಾಯಿತು. ಇಂದು ಗಾಳಪ್ರಿಯರು ಅಲ್ಲಿಗೆ ಹೋಗುವುದು ಬೋನ್‌ಫಿಶ್ ಎಂಬ ಮೀನಿಗಾಗಿ.

ಈ ಮೀನಿನ ಮೈ ಕನ್ನಡಿಯಂತೆ. ಸುತ್ತಲಿನ ಮರಳನ್ನೂ ನೀರನ್ನೂ ಪ್ರತಿಬಿಂಬಿಸುವುದರಿಂದ ನಾಲ್ಕು ಮಾರು ದೂರದಲ್ಲಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಅದರ ನೆರಳು ಮಾತ್ರ ಕಾಣುತ್ತದೆ. ದ್ವೀಪದ ಒಳಗಡಲಿನಲ್ಲಿ ಮೊಣಕಾಲುದ್ದ ನೀರಿನ ಮರಳಿನ ಹರವುಗಳಿವೆ. ಉಬ್ಬರದ ನೀರು ಈ ಹರವಿನ ಮೇಲೆ ಏರಿದಂತೆ ಮೀನೂ ಸೀಗಡಿ, ಏಡಿಗಳನ್ನು ಹುಡುಕುತ್ತಾ ಏರಿ ಬರುತ್ತದೆ. ನೀರು ಇಳಿದಾಗ ತಾನೂ ಆಳಕ್ಕೆ ಜಾರುತ್ತದೆ.

ಹಾಗಾದರೆ ಪ್ರವಾಸದ ದಿನವನ್ನು ಗೊತ್ತುಮಾಡಬೇಕಾದವರು ಯಾರು? ಆರು ಜನರ ಮೇಲಧಿಕಾರಿಗಳಲ್ಲ, ನೀರು. ಮುಂಬಯಿಯ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಾಜಿ ಅಲಿಯ ದರ್ಗಾಕ್ಕೆ ಹೋಗುವ ದಾರಿ ಉಬ್ಬರದಲ್ಲಿ ಮುಳುಗಿ ಇಳಿತದಲ್ಲಿ ತೆರೆಯುವುದನ್ನು ಕಂಡವರು ಅವರು. ಉಬ್ಬರದ ಹೊತ್ತು ದಿನದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಸುಮಾರಿಗೆ ಉಬ್ಬರ ದೊಡ್ಡದು, ಇಳಿತವೂ ದೊಡ್ಡದು. ನೀರು ರಭಸದಿಂದ ಏರಿ ರಭಸದಿಂದ ಇಳಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಎರಡೂ ಸಣ್ಣವು. ನಮ್ಮ ಅಜ್ಜಿಯರು ಗೋಡೆಗೆ ತೂಗುಹಾಕುವ ಪಂಚಾಂಗವೇ ಇಲ್ಲಿ ಉಪಯೋಗಕ್ಕೆ ಬರುತ್ತದೆ! ನಿಮ್ಮ ಆರು ದಿನಗಳು ಯಾವ ತಿಥಿಗಳ ಮೇಲೆ ಬೀಳುತ್ತವೆ ಎಂದು ಗುರುತುಹಾಕಿ, ‘ಈ ದಿನಗಳಲ್ಲಿ ಎಷ್ಟು ಹೊತ್ತು ನಿಮ್ಮ ಹರವುಗಳ ಮೇಲೆ ನಡೆಯುವಷ್ಟು ನೀರಿರುತ್ತದೆ?’ ಎಂದು ಲಾಡ್ಜಿನವರನ್ನು ಕೇಳಿರಿ. ಸರಿಯಾದ ಲಾಡ್ಜಿನವರು ದಿನವಾರು ಉತ್ತರ ಕೊಡುತ್ತಾರೆ. ‘ನಮ್ಮಲ್ಲಿ ಎಲ್ಲ ದಿನವೂ ಚೆನ್ನ’ ಎಂದು ಬರೆದವರಿಗೆ ಹಣ ಕಳಿಸುವ ಮುನ್ನ ಇನ್ನೊಮ್ಮೆ ಯೋಚಿಸಿರಿ.

ಇನ್ನು ರಜೆಯ ವಿಷಯ. ಹವಾಯಿಯ ಹೊನಲುಲುವಿನಿಂದ ದಕ್ಷಿಣಕ್ಕೆ ಈ ದ್ವೀಪ ಸುಮಾರು 2,100 ಕಿಲೋಮೀಟರ್. ಎರಡು ಊರಿನ ಗಡಿಯಾರಗಳೂ ಒಂದೇ ಗಂಟೆ ತೋರಿಸುತ್ತವೆ, ಆದರೆ ತಾರೀಖು ಒಂದು ದಿನ ಬೇರೆ! 1995ರ ಆರಂಭದಲ್ಲಿ ಕಿರಿಬಾಟಿ ದೇಶವು ತನ್ನ ಪೂರ್ವದ ದ್ವೀಪಗಳನ್ನೂ ದಿನರೇಖೆಯ ಈಚೆಗೆ ತಂದುಕೊಂಡಿದ್ದರಿಂದ ಹೀಗಾಯಿತು. ಹೊನಲುಲುವನ್ನು ಸೋಮವಾರ ಬಿಟ್ಟು ಕೆಲವೇ ಗಂಟೆಗಳಲ್ಲಿ ಇಳಿದರೆ ಅಲ್ಲಿ ಮಂಗಳವಾರ. ಮರಳುವಾಗ ಮಂಗಳವಾರ ಹೊರಟು ಸೋಮವಾರ ಇಳಿಯಬಹುದು. ಲಾಡ್ಜಿನ ಕಾಗದದ ತಾರೀಖನ್ನೂ ವಿಮಾನದ ತಾರೀಖನ್ನೂ ಒಟ್ಟಿಗಿಟ್ಟು ನೋಡದಿದ್ದರೆ ಒಂದು ರಾತ್ರಿಯ ಕೋಣೆಗೆ ಎರಡು ಸಲ ಹಣ ತೆರಬೇಕಾಗುತ್ತದೆ. ವಿಮಾನಗಳೂ ಬೆರಳೆಣಿಕೆಯವು, ಒಂದು ತಪ್ಪಿದರೆ ದಿನಗಟ್ಟಲೆ ಕಾಯಬೇಕು. ಹೋಗುವಾಗ ಹೊನಲುಲುವಿನಲ್ಲಿ ಒಂದು ರಾತ್ರಿಯಾದರೂ ತಂಗಿರಿ. ಆ ದಾರಿ ಹಿಡಿದರೆ ಬರೇ ವಿಮಾನ ಬದಲಿಸುವುದಕ್ಕೂ ಭಾರತೀಯರಿಗೆ ಅಮೆರಿಕದ ವೀಸಾ ಬೇಕು. ಅದಕ್ಕೆ ಕಾಯುವ ತಿಂಗಳುಗಳನ್ನು ಲೆಕ್ಕಕ್ಕೆ ಹಿಡಿಯಿರಿ. ನನ್ನಂಥ ಸರಕಾರಿ ನೌಕರರಿಗೆ ಪರದೇಶ ಪ್ರಯಾಣಕ್ಕೆ ಕಚೇರಿಯ ಮುಂಗಡ ಅನುಮತಿಯೂ ಬೇಕು. ಎಲ್.ಟಿ.ಸಿ.ಯ ಆಸೆ ಬೇಡ, ಅದು ದೇಶದ ಗಡಿಯಲ್ಲಿಯೇ ನಿಲ್ಲುತ್ತದೆ.

ದ್ವೀಪ ಮುಟ್ಟಿದ ಮೇಲೆ ಜಗಳ ಹುಟ್ಟುವುದು ಗೈಡಿನ ಸುತ್ತ. ನೆರಳನ್ನು ನೋಡಿ ಮೀನನ್ನು ಹೇಳುವವನು ಅವನೇ. ಅವನ ಕಣ್ಣಿಲ್ಲದೆ ಹೊಸಬರ ದಿನ ವ್ಯರ್ಥ. ಒಬ್ಬ ಗೈಡಿಗೆ ಎಷ್ಟು ಮಂದಿ ಎಂಬುದನ್ನು ಲಾಡ್ಜಿನವರಿಂದ ಬರಹದಲ್ಲಿ ಪಡೆಯಿರಿ. ಇಬ್ಬರಿಗೊಬ್ಬನೆಂದರೆ ಆರು ಜನರಿಗೆ ಮೂವರು. ಜಾಣ ಗೈಡು ಯಾರ ಪಾಲಿಗೆ, ಗೊರಕೆ ಹೊಡೆಯುವ ಜತೆಗಾರ ಯಾರ ಪಾಲಿಗೆ? ನಾನೊಂದು ಪಟ್ಟಿ ಹಾಕಿಕೊಟ್ಟಿದ್ದೇನೆ. ಆರು ಜನರನ್ನು ಜೋಡಿ ಮಾಡಿದರೆ ಒಟ್ಟು 15 ಜೋಡಿಗಳು. ದಿನಕ್ಕೆ ಮೂರರಂತೆ ಐದು ದಿನಗಳಲ್ಲಿ ಪ್ರತಿಯೊಬ್ಬನೂ ಪ್ರತಿಯೊಬ್ಬನ ಜತೆ ಒಂದೊಂದು ದಿನ ಕಳೆದಂತಾಗುತ್ತದೆ. ಆರನೆಯ ದಿನ ಅವರವರ ಇಷ್ಟ. ಗೈಡುಗಳನ್ನು ಬೆಳಿಗ್ಗೆ ಚೀಟಿ ಎತ್ತಿ ಹಂಚಿಕೊಳ್ಳಿರಿ. ಗೈಡುಗಳಿಗೆ ಕೊಡುವ ಇನಾಮಿನ ಹಣವನ್ನು ಊರಿನಲ್ಲಿಯೇ ಸಮನಾಗಿ ಸೇರಿಸಿ ಒಂದು ಲಕೋಟೆಯಲ್ಲಿಡಿ. ಕೊನೆಯ ದಿನ ಜೇಬು ತಡಕುವ ಮುಜುಗರ ಯಾರಿಗೂ ಬೇಡ.

ಹಣದ ಮಾತು ಎಲ್ಲಕ್ಕಿಂತ ಮುಖ್ಯ. ನನಗೆ ಪರಿಚಯದ ಒಂದು ತಂಡ ಹಿಂದೊಮ್ಮೆ ಬೇರೊಂದು ಊರಿನ ಪ್ರವಾಸಕ್ಕೆ ಮುಂಗಡ ಕಟ್ಟಿತ್ತು. ಹೊರಡಲು ಇಪ್ಪತ್ತು ದಿನವಿರುವಾಗ ಒಬ್ಬರ ತಾಯಿ ಹಾಸಿಗೆ ಹಿಡಿದರು. ಅವರ ಪಾಲಿನ ಹಣ ಮರಳಲಿಲ್ಲ. ಕೊಡಬೇಕೆಂದು ಕೆಲವರು, ಏಕೆ ಕೊಡಬೇಕೆಂದು ಕೆಲವರು. ತಾಯಿ ಗುಣಮುಖರಾದರು, ಸ್ನೇಹ ಆಗಲಿಲ್ಲ. ತಪ್ಪು ಯಾರೊಬ್ಬರದೂ ಅಲ್ಲ. ಮೊದಲೇ ಬರೆದಿಡಲಿಲ್ಲ, ಅಷ್ಟೇ. ಆದ್ದರಿಂದ ಮೊದಲ ರೂಪಾಯಿ ಕೊಡುವ ಮುಂಚೆ ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದು ಆರೂ ಜನ ರುಜು ಮಾಡಿರಿ. ಯಾವ ದಿನದವರೆಗೆ ಹಿಂದೆ ಸರಿಯಬಹುದು. ಆಮೇಲೆ ಸರಿದರೆ ಹಣ ಎಷ್ಟು ಹೋಗುತ್ತದೆ. ಬದಲಿ ಜನ ಸಿಕ್ಕರೆ ಯಾರಿಗೆ ಸಲ್ಲುತ್ತದೆ. ಡಾಲರಿನ ಬೆಲೆ ಏರಿದರೆ ಹೆಚ್ಚಳವನ್ನು ಹೇಗೆ ಹಂಚುವುದು. ಸ್ನೇಹಿತರ ನಡುವೆ ಕಾಗದವೇಕೆ ಎನ್ನುವವರಿಗೆ ನನ್ನ ಉತ್ತರ, ಸ್ನೇಹ ಉಳಿಯಲಿ ಎಂದೇ ಕಾಗದ.

ಆರೋಗ್ಯದ ಲೆಕ್ಕವೂ ಇದೆ. ಅಂಥ ದ್ವೀಪದಲ್ಲಿ ದೊಡ್ಡ ಚಿಕಿತ್ಸೆಯೆಂದರೆ ವಿಮಾನ ಹತ್ತಿಸುವುದೇ. ಆ ಖರ್ಚನ್ನು ಒಪ್ಪುವ ವಿಮೆ ಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳು ಎರಡರಷ್ಟು ಇರಲಿ, ಅರ್ಧ ಕೈಚೀಲದಲ್ಲಿ. ದ್ವೀಪ ವಿಷುವದ್ರೇಖೆಗೆ ಎರಡು ಡಿಗ್ರಿಯೊಳಗೆ ಇದೆ. ಬಿಸಿಲು ಮೇಲಿನಿಂದಲೂ ನೀರಿನಿಂದಲೂ ಸುಡುತ್ತದೆ. ಪೋಲರಾಯ್ಡ್ ಕನ್ನಡಕ ಎರಡು ಕೆಲಸ ಮಾಡುತ್ತದೆ, ನೀರಿನ ಹೊಳಪನ್ನು ಕಡಿದು ಮೀನನ್ನು ತೋರಿಸುತ್ತದೆ, ಬೀಸುವಾಗ ಹಾರುವ ಕೊಕ್ಕೆಯಿಂದ ಕಣ್ಣನ್ನು ಕಾಯುತ್ತದೆ. ಗಟ್ಟಿ ಅಡಿಯ ಬೂಟು ಹಾಕಿ, ಪಾದಗಳನ್ನು ಎತ್ತದೆ ಮರಳಿನಲ್ಲಿ ಎಳೆಯುತ್ತಾ ನಡೆಯಿರಿ. ಮರಳಿನಲ್ಲಿ ಹುದುಗಿದ ಮುಳ್ಳುಬಾಲದ ತೊರಕೆ ಮೀನು ಆಗ ತಾನಾಗಿ ಸರಿದುಹೋಗುತ್ತದೆ. ಶಾಖಾಹಾರಿಗಳು ಮೊದಲೇ ತಿಳಿಸಬೇಕು, ಹವಳದ ನೆಲದಲ್ಲಿ ತರಕಾರಿ ದುರ್ಲಭ. ಅವಲಕ್ಕಿ, ಚಟ್ನಿಪುಡಿ ಒಯ್ಯುವವರು ಸುಂಕದ ಕಟ್ಟೆಯಲ್ಲಿ ಮರೆಮಾಚದೆ ಬರೆದು ತೋರಿಸಿರಿ.

ಈ ಪ್ರವಾಸದ ಸುದ್ದಿ ಕೇಳಿ ಒಬ್ಬ ಮಿತ್ರರ ಅಜ್ಜಿ ಕೇಳಿದರಂತೆ, ‘ತಿನ್ನುವುದಿಲ್ಲ ಎನ್ನುತ್ತೀಯ, ಹಿಡಿದು ಬಿಡುತ್ತೇನೆ ಎನ್ನುತ್ತೀಯ. ಹಾಗಾದರೆ ಆ ಜೀವಕ್ಕೆ ನೋವು ಯಾತಕ್ಕಪ್ಪಾ?’ ನನ್ನ ಕಡತದಲ್ಲಿ ಇದಕ್ಕೆ ಪೂರ್ತಿ ಉತ್ತರವಿಲ್ಲ. ಆದರೆ ಎರಡು ಸಂಗತಿಗಳನ್ನು ಹೇಳಬಲ್ಲೆ. ಅದೇ ದೇಶದ ತಾರಾವಾ ದ್ವೀಪದಲ್ಲಿ ಬೋನ್‌ಫಿಶ್ ಜನರ ಊಟದ ಮೀನು. ಹುಣ್ಣಿಮೆಯ ಸುಮಾರಿಗೆ ಮೊಟ್ಟೆಯಿಡಲು ಸಾಲುಗಟ್ಟಿ ಹೋಗುವ ಆ ಮೀನಿಗೆ ಬಲೆಗಳು ಅಡ್ಡವಾದವು. ದ್ವೀಪಗಳನ್ನು ಜೋಡಿಸಿದ ಕಟ್ಟೆರಸ್ತೆಗಳು ನೀರಿನ ದಾರಿಯನ್ನು ಮುಚ್ಚಿದವು. ಹಳೆಯ ಸಾಲುಗಳಲ್ಲಿ ಹೆಚ್ಚಿನವು ನಿಂತೇಹೋದವು. ಬದುಕಿರುವ ಮೀನಿನಿಂದ ಊರಿಗೆ ಕೂಲಿ ಹುಟ್ಟಿದಾಗ ಅದನ್ನು ಉಳಿಸಿಕೊಳ್ಳಲು ಊರಿಗೊಂದು ಕಾರಣ ಸಿಗುತ್ತದೆ. ನಮ್ಮ ನಾಡಿನಲ್ಲಿಯೂ ಈ ಪಾಠ ಇದೆ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಅವರ ಗಾಳಕ್ಕೆ 120 ಪೌಂಡಿನ ಮಹಶೀರ್ ಸಿಕ್ಕಿತ್ತು. ಕಾವೇರಿಯ ಡುಬ್ಬದ ಮಹಶೀರನ್ನು 2018ರಲ್ಲಿ ಅಳಿವಿನ ತೀರ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು. ಭೀಮೇಶ್ವರಿಯ ಬಿಡಾರಗಳಲ್ಲಿ ಹಿಡಿದು ಬಿಡುವ ಗಾಳ ನಡೆಯುತ್ತಿದ್ದ ಕಾಲದಲ್ಲಿ, ಹಿಂದೆ ಕದ್ದು ಮೀನು ಹಿಡಿದವರೇ ಕೆಲವರು ಗೈಡುಗಳಾಗಿ ಹೊಳೆಯನ್ನು ಕಾದಿದ್ದರು. ವನ್ಯಜೀವಿ ಕಾನೂನಿನಿಂದ ಆ ಗಾಳ ನಿಂತಿತು. ಸರಿಯೋ ತಪ್ಪೋ ಎಂಬ ವಾದ ಇನ್ನೂ ನಿಂತಿಲ್ಲ.

ಎರಡನೆಯದು, ಬಿಟ್ಟ ಮೀನೆಲ್ಲ ಬದುಕುವುದಿಲ್ಲ. ಹೆಚ್ಚು ಹೊತ್ತು ದಣಿಸಿ, ಗಾಳಿಗೆತ್ತಿ, ಕೈಯಿಂದ ಕೈಗೆ ದಾಟಿಸಿ ಫೋಟೋ ತೆಗೆದ ಮೀನು ನೀರಿನಲ್ಲಿ ಓಲಾಡುತ್ತದೆ. ಕಾದಿರುವ ಶಾರ್ಕಿಗೆ ಅದು ತುತ್ತು. ಆದ್ದರಿಂದ ಒಪ್ಪಂದದ ಹಾಳೆಯಲ್ಲಿ ಐದನೆಯ ಸಾಲನ್ನು ನಾನೇ ಸೇರಿಸಿದೆ. ಕೊಕ್ಕೆಯ ಮುಳ್ಳನ್ನು ಇಕ್ಕುಳದಿಂದ ಒತ್ತಿ ಚಪ್ಪಟೆ ಮಾಡತಕ್ಕದ್ದು. ಒದ್ದೆ ಕೈಯಿಂದ, ನೀರಿನೊಳಗೇ ಬಿಡಿಸತಕ್ಕದ್ದು. ಶಾರ್ಕು ಕಂಡ ಜಾಗದಲ್ಲಿ ಗಾಳ ಎತ್ತಿ ಬೇರೆಡೆಗೆ ನಡೆಯತಕ್ಕದ್ದು.

ಈ ಐದನೆಯ ಸಾಲಿಗೆ ರುಜು ಹಾಕಲು ಒಪ್ಪದವರನ್ನು ತಂಡಕ್ಕೆ ಸೇರಿಸಬೇಡಿರೆಂದು ಹೇಳಿದ್ದೇನೆ. ಹಣದ ನಾಲ್ಕು ಸಾಲುಗಳಲ್ಲಿ ಎಡವಟ್ಟಾದರೆ ಆರು ಮನೆಯವರು ಸಂಘದ ಪಡಸಾಲೆಯಲ್ಲಿ ಕುಳಿತು ಮಾತಾಡಿಕೊಳ್ಳಬಹುದು. ಮೀನಿಗೆ ಮಾತಿಲ್ಲ, ಅದರ ಪರವಾಗಿ ಯಾರಾದರೂ ಮೊದಲೇ ಬರೆದಿಡಬೇಕು.