ವೈನ್ ಊರಿಗೆ ಎಕ್ಸೆಲ್ ಶೀಟ್ ಹಿಡ್ಕೊಂಡು ಹೋಗೋರಿಗೆ...

ಇದನ್ನ ಬರೀಬೇಕು ಅಂತ ತುಂಬಾ ದಿನದಿಂದ ಅಂದ್ಕೊಂಡಿದ್ದೆ. ಲಾಂಗ್ ವೀಕೆಂಡ್ ಹತ್ತಿರ ಬಂತು ಅಂದ್ರೆ ಸಾಕು, ಬೇ ಏರಿಯಾದ ನಮ್ಮ ಕನ್ನಡದ ಗೆಳೆಯರ ಗುಂಪುಗಳಲ್ಲಿ ಒಂದು ಎಕ್ಸೆಲ್ ಶೀಟ್ ಓಡಾಡೋಕೆ ಶುರುವಾಗುತ್ತೆ. ಹೆಸರು 'ರಿಲ್ಯಾಕ್ಸ್ಡ್ ವೈನ್ ಕಂಟ್ರಿ ಟ್ರಿಪ್'. ಒಳಗೆ ನೋಡಿದ್ರೆ ಬೆಳಿಗ್ಗೆ 5.30ಕ್ಕೆ ಸ್ಯಾನ್ ಹೋಸೆ ಬಿಡೋದು, 10ಕ್ಕೆ ಮೊದಲನೇ ವೈನರಿ, 11.30ಕ್ಕೆ ಎರಡನೇದು, ಕಾರಲ್ಲೇ ಊಟ (ಚಪಾತಿ ರೋಲ್ ತರೋರ ಹೆಸರು ನಾಲ್ಕನೇ ಕಾಲಮ್ಮಲ್ಲಿ), 2ಕ್ಕೆ ಮೂರನೇದು, 3.30ಕ್ಕೆ ನಾಲ್ಕನೇದು, ಸಂಜೆ ಕ್ಯಾಲಿಸ್ಟೋಗಾದ ಬಿಸಿನೀರ ಬುಗ್ಗೆ. ಭಾನುವಾರ ಬೆಳಿಗ್ಗೆ ಸಮುದ್ರ, ಮಧ್ಯಾಹ್ನ ರೆಡ್‌ವುಡ್ ಕಾಡು, ರಾತ್ರಿ ವಾಪಸ್.

ಇದಕ್ಕೆ 'ಆರಾಮು' ಅಂತ ಹೆಸರಿಟ್ಟ ಪುಣ್ಯಾತ್ಮರಿಗೆ ದೊಡ್ಡ ನಮಸ್ಕಾರ. ನಮ್ಮ ರಿಲೀಸ್ ದಿನದ ಪ್ಲಾನ್ ಕೂಡ ಇಷ್ಟು ಬಿಗಿಯಾಗಿರಲ್ಲ ಮಾರಾಯ್ರೆ :-)

ನನ್ನ ವಾದ ಇಷ್ಟೇ. ಚಿಕ್ಕ ಊರಿಗೆ ಎರಡು ದಿನ ಹಾಯಾಗಿ ಇರೋಕೆ ಹೋಗೋದಾದ್ರೆ ಒಂದು ಊರು ಸಾಕು, ದಿನಕ್ಕೆ ಒಂದು ತೋಟ ಸಾಕು, ಕಾರಿನ ಕೀ ರೂಮಲ್ಲೇ ಇರಲಿ. ಅದಕ್ಕಿಂತ ಹೆಚ್ಚು ತುರುಕಿದ್ರೆ ದಣಿವು ಜಾಸ್ತಿ ಆಗೋದು ಮಾತ್ರ ಅಲ್ಲ, ಅದು ಅಪಾಯ ಕೂಡ. ಸುಮ್ನೆ ಹೇಳ್ತಿಲ್ಲ, ಲೆಕ್ಕ ಹಾಕಿ ತೋರಿಸ್ತೀನಿ.

ಉದಾಹರಣೆಗೆ ಹೀಲ್ಡ್ಸ್‌ಬರ್ಗ್ ತಗೊಳ್ಳೋಣ. ಸೊನೋಮಾ ಕೌಂಟಿಯಲ್ಲಿ 101 ಹೆದ್ದಾರಿ ಪಕ್ಕದಲ್ಲೇ ಇರೋ ಊರು. ಸ್ಯಾನ್ ಫ್ರಾನ್ಸಿಸ್ಕೋದಿಂದ ಸುಮಾರು 70 ಮೈಲಿ, ಸ್ಯಾನ್ ಹೋಸೆಯಿಂದ ಸುಮಾರು 115. ಜನಸಂಖ್ಯೆ ಹತ್ತಿರ ಹತ್ತಿರ 11,000, ಅಂದ್ರೆ ನಮ್ಮ ಕಡೆಯ ಒಂದು ಸಣ್ಣ ಪೇಟೆ. ಊರ ಮಧ್ಯೆ ಮರಗಳಿರೋ ಒಂದು ಚೌಕ, ಅದಕ್ಕೆ ಪ್ಲಾಜಾ ಅಂತಾರೆ. 1857ರಲ್ಲಿ ಹಾರ್ಮನ್ ಹೀಲ್ಡ್ ಅನ್ನೋನು ಊರಿನ ನಕ್ಷೆ ಹಾಕಿದ. ಚಿನ್ನ ಹುಡುಕ್ಕೊಂಡು ಕ್ಯಾಲಿಫೋರ್ನಿಯಾಕ್ಕೆ ಬಂದು, ಕೊನೆಗೆ ಅಂಗಡಿ ಇಟ್ಟು ಕೂತವನು. ಅವನು ಕೂತ ಜಾಗ ಅವನದಾಗಿರಲಿಲ್ಲ, ಮೆಕ್ಸಿಕೋ ಕಾಲದ ಸೊಟೊಯೋಮೆ ಅನ್ನೋ ದೊಡ್ಡ ಜಹಗೀರಿನ ಭಾಗ. ಅದಕ್ಕೂ ಮೊದಲು ಪೋಮೋ ಮತ್ತು ವಾಪೋ ಜನರ ನೆಲ.

ಈ ಊರಿಗೆ ಮೂರು ಕಣಿವೆಗಳು ಬಂದು ಸೇರುತ್ತವೆ. ರಷ್ಯನ್ ರಿವರ್ ಕಣಿವೆಗೆ ಸಮುದ್ರದ ಮಂಜು ನುಗ್ಗುತ್ತೆ, ಹಾಗಾಗಿ ಅಲ್ಲಿ ತಂಪು ಬೇಡುವ ಪೀನೋ ನ್ವಾರ್ ಮತ್ತು ಶಾರ್ಡನೇ. ಡ್ರೈ ಕ್ರೀಕ್ ಕಣಿವೆ ಜಿನ್‌ಫಂಡೆಲ್‌ಗೆ ಹೆಸರುವಾಸಿ. ಬಿಸಿಲು ಹೆಚ್ಚಿರೋ ಅಲೆಕ್ಸಾಂಡರ್ ಕಣಿವೆಯಲ್ಲಿ ಕ್ಯಾಬರ್ನೆ. ಇಷ್ಟೂ ಕಣಿವೆಗಳ ವೈನ್ ರುಚಿ ನೋಡೋಕೆ ಪ್ಲಾಜಾ ಸುತ್ತಲಿನ ಬೀದಿಗಳಲ್ಲೇ ಹತ್ತಾರು ಟೇಸ್ಟಿಂಗ್ ರೂಮುಗಳಿವೆ. ನಡ್ಕೊಂಡು ಹೋಗಿ ನಡ್ಕೊಂಡು ಬರಬಹುದು. ಆದರೂ ನಮ್ಮ ಶೀಟಿನಲ್ಲಿ ಹೀಲ್ಡ್ಸ್‌ಬರ್ಗ್‌ಗೆ ಸಿಗೋದು 'ಕಾಫಿ ಬ್ರೇಕ್, 20 ನಿಮಿಷ'.

ಈಗ ಲೆಕ್ಕ. ಒಂದು ಟೇಸ್ಟಿಂಗಲ್ಲಿ ಸಾಮಾನ್ಯವಾಗಿ ಐದು ಬಗೆ ವೈನ್ ಕೊಡ್ತಾರೆ, ಒಂದೊಂದೂ ಒಂದರಿಂದ ಒಂದೂವರೆ ಔನ್ಸ್. ಅಮೆರಿಕದ ಲೆಕ್ಕದಲ್ಲಿ ಶೇ. 12 ಆಲ್ಕೊಹಾಲ್ ಇರೋ 5 ಔನ್ಸ್ ವೈನ್ ಅಂದ್ರೆ ಒಂದು ಡ್ರಿಂಕ್. ಆದರೆ ಡ್ರೈ ಕ್ರೀಕ್‌ನ ಜಿನ್‌ಫಂಡೆಲ್ ಶೇ. 14-15 ಇರೋದು ಮಾಮೂಲಿ. ಗುಣಿಸಿ ನೋಡಿ, ಒಂದು ಜಾಗಕ್ಕೆ ಒಂದೂಕಾಲರಿಂದ ಒಂದೂಮುಕ್ಕಾಲು ಡ್ರಿಂಕ್. ನಾಲ್ಕು ಜಾಗಕ್ಕೆ ಐದರಿಂದ ಏಳು! ಅದೂ ಚಪಾತಿ ರೋಲ್ ಒಂದರ ಮೇಲೆ. 'ಬರೀ ರುಚಿ ನೋಡೋದು ತಾನೇ, ಕುಡಿಯೋದಲ್ವಲ್ಲ' ಅನ್ನೋರು ಈ ಗುಣಾಕಾರ ಮಾಡಿಲ್ಲ. ರುಚಿ ನೋಡಿ ಉಗುಳೋಕೆ ಅಂತಾನೇ ಪ್ರತಿ ಕೌಂಟರಲ್ಲೂ ಒಂದು ಪಾತ್ರೆ ಇಟ್ಟಿರ್ತಾರೆ. ವೈನ್ ವೃತ್ತಿಯವರು ಅದನ್ನ ಧಾರಾಳವಾಗಿ ಬಳಸ್ತಾರೆ. ನಮ್ಮವರು ಮಾತ್ರ 'ದುಡ್ಡು ಕೊಟ್ಟಿದೀವಿ' ಅಂತ ಕೊನೇ ಹನಿ ತನಕ ಬಿಡಲ್ಲ.

ಆಮೇಲೆ ಗಾಡಿ ಓಡಿಸೋದು ಯಾರು? ಇಲ್ಲಿನ ಕಣಿವೆಗಳ ರಸ್ತೆ ಇಕ್ಕಟ್ಟು, ತಿರುವು ಜಾಸ್ತಿ, ಪಕ್ಕದಲ್ಲಿ ಸೈಕಲ್ ತುಳಿಯೋರು. ಕ್ಯಾಲಿಫೋರ್ನಿಯಾದಲ್ಲಿ ರಕ್ತದ ಆಲ್ಕೊಹಾಲ್ ಮಿತಿ 0.08. ವೀಸಾದಲ್ಲಿ ಇರೋರಿಗೆ ಇನ್ನೊಂದು ವಿಷಯ. ಅಮೆರಿಕದ ವಿದೇಶಾಂಗ ಇಲಾಖೆಯ 2015ರ ಸೂಚನೆ ಪ್ರಕಾರ, ಕುಡಿದು ಓಡಿಸಿದ್ದಕ್ಕೆ ಬಂಧನ ಆದ್ರೆ ಸಾಕು, ಕೋರ್ಟಲ್ಲಿ ಅಪರಾಧ ಸಾಬೀತಾಗೋ ಮೊದಲೇ ವೀಸಾ ರದ್ದು ಮಾಡಬಹುದು. ಮುಂದಿನ ಸಲ ಊರಿಗೆ ಹೋದಾಗ ಹೊಸ ವೀಸಾ, ಅವರು ಹೇಳಿದ ವೈದ್ಯರ ಹತ್ರ ತಪಾಸಣೆ. ತಂಗಿ ಮದುವೆಗೆ ಅಂತ ಹೋದೋರು ವಾಪಸ್ ಕೆಲಸಕ್ಕೆ ಬರೋಕಾಗದೆ ಒದ್ದಾಡೋ ಪರಿಸ್ಥಿತಿ. ಇದೆಲ್ಲ ಬರೀ ನಮಗೆ ಆಗೋ ನಷ್ಟ. ಎದುರಿಗೆ ಸೈಕಲ್ಲಲ್ಲಿ ಬಂದವನಿಗೆ ಆಗೋ ನಷ್ಟದ ಮುಂದೆ ವೀಸಾ ಯಾವ ಲೆಕ್ಕ?

'ಅದಕ್ಕೆ ನಾವು ಡ್ರೈವರ್ ಫಿಕ್ಸ್ ಮಾಡಿರ್ತೀವಿ' ಅಂತೀರಿ. ಹೌದು, ಆ ಕಾಲಮ್ಮನ್ನೂ ನೋಡಿದೀನಿ. ಅಲ್ಲಿರೋ ಹೆಸರುಗಳನ್ನ ಗಮನಿಸಿ. ಮುಕ್ಕಾಲು ಪಾಲು ಹೆಂಡತಿಯರದ್ದು. ಕಾರಣ ಕೇಳಿದ್ರೆ 'ಅವಳು ಹೇಗೂ ಕುಡಿಯಲ್ವಲ್ಲ'. ಅಂದ್ರೆ ಆಕೆ ಕುಡಿಯದೇ ಇರೋದಕ್ಕೆ ಸಿಗೋ ಬಹುಮಾನ ಅಂದ್ರೆ ಎರಡು ದಿನ ಸ್ಟೀರಿಂಗ್ ಹಿಡಿಯೋದು ಮತ್ತು ಮಕ್ಕಳನ್ನ ಪಾರ್ಕಿಂಗ್ ಜಾಗದಲ್ಲಿ ಆಡಿಸೋದು (ಎಷ್ಟೋ ಟೇಸ್ಟಿಂಗ್ ರೂಮಿಗೆ 21 ವರ್ಷ ಆಗದವರನ್ನ ಸೇರಿಸಲ್ಲ). ಅವಳಿಗೂ ಅದು ವೀಕೆಂಡೇ ಅಲ್ವಾ ಸ್ವಾಮಿ? ಆರಾಮಿನ ಟ್ರಿಪ್ ಅಂತ ಹೆಸರಿಡೋ ಮುಂಚೆ ಗುಂಪಲ್ಲಿ ಯಾರಿಗೆ ಆರಾಮು, ಯಾರಿಗೆ ಡ್ಯೂಟಿ ಅಂತ ಇನ್ನೊಂದು ಕಾಲಮ್ ಸೇರಿಸಿ ನೋಡಿ.

'ಇರೋದೇ ಎರಡು ವಾರ ರಜೆ, ರೂಮಿಗೆ ಅಷ್ಟು ದುಡ್ಡು ಕೊಟ್ಟಿರ್ತೀವಿ, ಆದಷ್ಟು ಕವರ್ ಮಾಡಬೇಡ್ವಾ?' ಇದು ಎಲ್ಲರೂ ಕೇಳೋ ಪ್ರಶ್ನೆ. ಈ 'ಕವರ್' ಅನ್ನೋ ಪದದ ಮೇಲೇ ನನಗೆ ಸಿಟ್ಟು. ಪರೀಕ್ಷೆಗೆ ಸಿಲಬಸ್ ಕವರ್ ಮಾಡಿದ ಅಭ್ಯಾಸ ಇನ್ನೂ ಹೋಗಿಲ್ಲ ನಮಗೆ. ಆ ಸಿಲಬಸ್ಸಲ್ಲಿ ಇವತ್ತು ಎಷ್ಟು ನೆನಪಿದೆ ಹೇಳಿ? ದುಡ್ಡಿನ ಮಾತಿಗೇ ಬಂದ್ರೂ ಲೆಕ್ಕ ನಿಮ್ಮ ಕಡೆಗಿಲ್ಲ. ಟೇಸ್ಟಿಂಗ್‌ಗೆ ಈಗ ಎಷ್ಟೋ ಕಡೆ ತಲೆಗೆ 30-40 ಡಾಲರ್ ಅಥವಾ ಅದಕ್ಕೂ ಮೇಲೆ. ಇಬ್ಬರು, ನಾಲ್ಕು ಜಾಗ ಅಂದ್ರೆ ಒಂದೇ ದಿನಕ್ಕೆ 240ರಿಂದ 320 ಡಾಲರ್. ಮೂರನೇ ಜಾಗದ ಹೊತ್ತಿಗೆ ನಾಲಿಗೆಗೆ ಪೀನೋ ಯಾವುದು, ದ್ರಾಕ್ಷಾರಿಷ್ಟ ಯಾವುದು ಅಂತ ಗೊತ್ತಾಗೋ ಸ್ಥಿತಿ ಇರಲ್ಲ!

ಕುಡಿಯದೇ ಇರೋರಿಗೆ ಅಲ್ಲೇನಿದೆ ಅಂತ ಕೇಳೋರಿದ್ದಾರೆ. ವೈನ್ ಊರು ಅಂದ್ರೆ ಮೊದಲು ಅದು ರೈತರ ಊರು. ಅಡಿಕೆ ತೋಟನೋ ದಾಳಿಂಬೆ ತೋಟನೋ ನೋಡ್ಕೊಂಡು ಬೆಳೆದ ನಮಗೆ ಅಲ್ಲಿ ನೋಡೋಕೆ ಏನೂ ಇಲ್ಲ ಅಂದ್ರೆ ನಗು ಬರುತ್ತೆ. ದೊಡ್ಡಬಳ್ಳಾಪುರ ಕಡೆ ಬೆಂಗಳೂರು ನೀಲಿ ದ್ರಾಕ್ಷಿಯನ್ನ ತಲೆ ಮೇಲೆ ಚಪ್ಪರ ಹಾಕಿ ಹಬ್ಬಿಸ್ತಾರೆ. ಇಲ್ಲಿ ತಂತಿಗೆ ಸಾಲಾಗಿ ಕಟ್ಟಿರ್ತಾರೆ. ಹಳೇ ಜಿನ್‌ಫಂಡೆಲ್ ಬಳ್ಳಿಗಳಿಗೆ ತಂತಿಯೂ ಇಲ್ಲ, ಗಿಡ್ಡ ಮರದ ಥರ ತಮ್ಮ ಕಾಲ ಮೇಲೆ ನಿಂತಿರ್ತವೆ. ಯಾಕೆ ಹೀಗೆ ಅಂತ ತೋಟದವರನ್ನ ಕೇಳಿ. ಪುರುಸೊತ್ತು ಇದ್ರೆ ಅರ್ಧ ಗಂಟೆ ಮಾತಾಡ್ತಾರೆ. 11.30ರ ಸ್ಲಾಟಿಗೆ ಓಡೋರಿಗೆ ಈ ಮಾತು ಸಿಗಲ್ಲ.

ಈ ಊರು ಮೊದಲಿಂದ ವೈನಿಗಷ್ಟೇ ಹೆಸರಾದ ಊರೂ ಅಲ್ಲ. ಒಂದು ಕಾಲದಲ್ಲಿ ಇಲ್ಲಿ ಎಲ್ಲಿ ನೋಡಿದ್ರೂ ಪ್ರೂನ್ ತೋಟಗಳು, ಬಿಯರಿಗೆ ಹಾಕೋ ಹಾಪ್ಸ್ ಬೆಳೆ. ಹಾಪ್ಸ್ ಒಣಗಿಸ್ತಿದ್ದ ಗೂಡುಗಳು ವೆಸ್ಟ್‌ಸೈಡ್ ರಸ್ತೆಯಲ್ಲಿ ಇವತ್ತಿಗೂ ಕಾಣಿಸ್ತವೆ. 1920ರಿಂದ 1933ರ ತನಕ ಪಾನನಿಷೇಧ ಬಂದಾಗ ವೈನರಿಗಳು ಮುಚ್ಚಿದವು. ಆದರೂ ಎಷ್ಟೋ ಬಳ್ಳಿಗಳು ಉಳ್ಕೊಂಡವು, ಯಾಕಂದ್ರೆ ಮನೆಬಳಕೆಗೆ ಹಣ್ಣಿನ ರಸ ಮಾಡ್ಕೋಬಹುದು ಅಂತ ಕಾನೂನಲ್ಲೊಂದು ಸಂದು ಇತ್ತು. ದ್ರಾಕ್ಷಿ ರೈಲು ಹತ್ತಿ ಪೂರ್ವದ ಊರುಗಳಿಗೆ ಹೋಗ್ತಿತ್ತು. ಇನ್ನೊಂದು ತಮಾಷೆ. 1976ರಲ್ಲಿ ಪ್ಯಾರಿಸ್ಸಲ್ಲಿ ನಡೆದ ಸ್ಪರ್ಧೆಯಲ್ಲಿ ಕ್ಯಾಲಿಫೋರ್ನಿಯಾದ ವೈನ್‌ಗಳು ಫ್ರಾನ್ಸಿನವನ್ನ ಸೋಲಿಸಿದ ಕಥೆ ಎಲ್ಲರಿಗೂ ಗೊತ್ತು, ನಾಪಾಗೆ ಹೆಸರು ಬಂದಿದ್ದೇ ಅಲ್ಲಿಂದ. ಬಿಳಿ ವೈನಲ್ಲಿ ಗೆದ್ದ 1973ರ ಶಾತೋ ಮೊಂಟೆಲೀನಾ ಶಾರ್ಡನೇ ತಯಾರಾಗಿದ್ದು ನಾಪಾದಲ್ಲೇ, ಆದರೆ ದ್ರಾಕ್ಷಿಯ ದೊಡ್ಡ ಪಾಲು ಹೋಗಿದ್ದು ಸೊನೋಮಾದ ಅಲೆಕ್ಸಾಂಡರ್ ಮತ್ತು ರಷ್ಯನ್ ರಿವರ್ ಕಣಿವೆಗಳಿಂದ. ಬೆಳೆದವನು ಒಬ್ಬ, ಹೆಸರು ಇನ್ನೊಬ್ಬಂಗೆ. ನಮ್ಮ ಆಫೀಸುಗಳಲ್ಲಿ ಇದೇನು ಹೊಸದಲ್ಲ ಬಿಡಿ.

ಬೆಳೆದವರ ಮಾತು ಬಂತಲ್ಲ, ಈ 'ಹಾಯಾದ ವೀಕೆಂಡ್' ಯಾರ ದುಡಿಮೆಯ ಮೇಲೆ ನಿಂತಿದೆ ಅಂತಲೂ ಹೇಳಬೇಕು. ಆಗಸ್ಟ್ ಕೊನೆಯಿಂದ ಅಕ್ಟೋಬರ್ ತನಕ ಕೊಯ್ಲು. ಹಣ್ಣು ತಣ್ಣಗಿರಲಿ ಅಂತ ಎಷ್ಟೋ ಕಡೆ ರಾತ್ರಿಯೇ ದೀಪ ಹಚ್ಕೊಂಡು ಕೀಳ್ತಾರೆ. ಕೀಳೋರಲ್ಲಿ ಹೆಚ್ಚಿನವರು ಮೆಕ್ಸಿಕೋ ಮೂಲದವರು. 1938ರ ಅಮೆರಿಕದ ಕಾರ್ಮಿಕ ಕಾನೂನು ಹೊಲದ ಕೆಲಸದವರನ್ನ ಓವರ್‌ಟೈಮಿನಿಂದ ಹೊರಗಿಟ್ಟಿತ್ತು. ದಿನಕ್ಕೆ ಎಂಟು ಗಂಟೆ ದಾಟಿದ್ರೆ ಓವರ್‌ಟೈಮ್ ಕೊಡಬೇಕು ಅನ್ನೋ ಕಾನೂನನ್ನ ಕ್ಯಾಲಿಫೋರ್ನಿಯಾ 2016ರಲ್ಲಿ ಮಾಡಿತು. ಅದು ಮೆಟ್ಟಿಲು ಮೆಟ್ಟಿಲಾಗಿ ಬಂದು, 25 ಅಥವಾ ಅದಕ್ಕಿಂತ ಕಡಿಮೆ ಆಳುಗಳಿರೋ ತೋಟಗಳಿಗೆ ಪೂರ್ತಿ ಅನ್ವಯ ಆಗಿದ್ದು 2025ರಲ್ಲಿ. ಮಧ್ಯೆ ಬೆಂಕಿ ಬೇರೆ. 2017ರ ಅಕ್ಟೋಬರಲ್ಲಿ ಕ್ಯಾಲಿಸ್ಟೋಗಾ ಹತ್ರ ಹೊತ್ತಿದ ಟಬ್ಸ್ ಬೆಂಕಿ ಒಂದೇ ರಾತ್ರೀಲಿ ಸ್ಯಾಂಟಾ ರೋಸಾಕ್ಕೆ ಬಂತು. ಸತ್ತವರು 22 ಜನ, ಸುಟ್ಟ ಕಟ್ಟಡಗಳು 5,600ಕ್ಕೂ ಹೆಚ್ಚು. 2019ರ ಅಕ್ಟೋಬರಲ್ಲಿ ಕಿನ್‌ಕೇಡ್ ಬೆಂಕಿ ಬಂದಾಗ ಹೀಲ್ಡ್ಸ್‌ಬರ್ಗ್ ಊರಿಗೆ ಊರನ್ನೇ ಖಾಲಿ ಮಾಡಿಸಿದ್ರು. ಮುಂದಿನ ವರ್ಷವೂ ಹತ್ತಿರದ ಗುಡ್ಡಗಳಲ್ಲಿ ಬೆಂಕಿ.

ಇದನ್ನೆಲ್ಲ ತಿಳ್ಕೊಂಡು ಬೇಜಾರು ಮಾಡ್ಕೊಂಡು ಕೂತ್ಕೊಳ್ಳಿ ಅಂತಿಲ್ಲ. ಆದರೆ ಒಂದು ಊರಲ್ಲಿ ಎರಡು ದಿನ ಇದ್ರೆ ಇದರಲ್ಲಿ ಸ್ವಲ್ಪವಾದ್ರೂ ಕಣ್ಣಿಗೆ ಬೀಳುತ್ತೆ. ಗುಡ್ಡದ ಮೇಲಿನ ಸುಟ್ಟ ಮರ, ಬೆಳಗಿನ ಜಾವ ಕೆಲಸ ಮುಗಿಸಿ ಹೋಗೋ ವ್ಯಾನು, ಊರಲ್ಲಿ ಬಾಡಿಗೆ ಕೊಡೋಕಾಗದೆ ಹೊರಗಿಂದ ಬಂದು ಹೋಗೋ ಹೋಟೆಲ್ ಹುಡುಗಿ. ಪಟ್ಟಿ ಹಿಡ್ಕೊಂಡು ಓಡೋರಿಗೆ ಕಾಣೋದು ಪಾರ್ಕಿಂಗ್ ಜಾಗಗಳು ಮಾತ್ರ.

ಹಾಗಾದ್ರೆ ಪ್ಲಾನೇ ಬೇಡವಾ? ಬೇಕು. ಪ್ಲಾನ್ ಇಲ್ಲದೇ ಸಿಗದ ಮೂರೇ ಮೂರು ವಿಷಯಕ್ಕೆ ಮಾಡಿ.

ಒಂದು, ರೂಮು. ಪ್ಲಾಜಾದಿಂದ ನಡೆಯೋ ದೂರದಲ್ಲಿ ಇರಲಿ. ಹನ್ನೆರಡು ಜನಕ್ಕೆ ಒಂದೇ ಮನೆ ಬೇಕು ಅಂತ ಹಟ ಹಿಡೀಬೇಡಿ. ಜನ ವಾಸ ಇರೋ ಬೀದಿಗಳಲ್ಲಿ ಪ್ರವಾಸಿಗಳಿಗೆ ದಿನದ ಬಾಡಿಗೆಗೆ ಮನೆ ಕೊಡೋದನ್ನ ಈ ಊರು ನಿಷೇಧಿಸಿದೆ, ಸರಿಯಾಗೇ ಮಾಡಿದೆ. ದೊಡ್ಡ ಮನೆ ಹುಡುಕ್ತಾ ಹೋದ್ರೆ ಊರ ಹೊರಗೆ ಸಿಗುತ್ತೆ. ಅಲ್ಲಿಂದ ಊಟಕ್ಕೂ ಕಾರು, ಮತ್ತೆ ಅದೇ ಡ್ರೈವರ್ ಕಾಲಮ್.

ಎರಡು, ಹೋಗೋ ಕಾಲ ಮತ್ತು ದಾರಿ. ಕೊಯ್ಲಿನ ಕಾಲದಲ್ಲಿ ಜನಜಂಗುಳಿ. ಜನವರಿಯಿಂದ ಮಾರ್ಚ್ ಒಳಗೆ ಹೋದ್ರೆ ಬೋಳು ಬಳ್ಳಿಗಳ ಸಾಲಿನ ಮಧ್ಯೆ ಹಳದಿ ಸಾಸಿವೆ ಹೂವು, ಊರೂ ಖಾಲಿ. ಶುಕ್ರವಾರ ಸಂಜೆ 101ರಲ್ಲಿ ಸಿಕ್ಕಾಕೋಬೇಡಿ. ಕಾರೇ ಬೇಡ ಅನ್ನೋರಿಗೆ ಲಾರ್ಕ್‌ಸ್ಪರ್ ತನಕ ದೋಣಿ, ಅಲ್ಲಿಂದ ಸ್ಮಾರ್ಟ್ ರೈಲು. 2025ರಲ್ಲಿ ಆ ರೈಲು ವಿಂಡ್ಸರ್ ತನಕ ಬಂತು. ಅಲ್ಲಿಂದ ಆರೇಳು ಮೈಲಿ ಟ್ಯಾಕ್ಸಿ.

ಮೂರು, ದಿನಕ್ಕೆ ಒಂದೇ ಒಂದು ತೋಟ. ಅದನ್ನ ಮೊದಲೇ ಬುಕ್ ಮಾಡಿ, ಎಷ್ಟೋ ಕಡೆ ಹೇಳದೆ ಹೋದ್ರೆ ಸೇರಿಸಲ್ಲ. ಬೆಳಿಗ್ಗೆ ನಾಲಿಗೆ ಚುರುಕಾಗಿರುವಾಗಲೇ ಹೋಗಿ, ಪ್ರಶ್ನೆ ಕೇಳಿ, ಪಾತ್ರೆಗೆ ಉಗುಳೋಕೆ ನಾಚ್ಕೋಬೇಡಿ. ಇಷ್ಟ ಆಗಿದ್ದು ಒಂದು ಬಾಟಲ್ ತಗೊಂಡು ಬನ್ನಿ. ಸಂಜೆ ಎಲ್ಲಿಗೂ ಓಡಿಸೋಕಿಲ್ಲದಾಗ ನಿಧಾನವಾಗಿ ಕುಡೀರಿ, ಅಥವಾ ಕುಡೀಬೇಡಿ.

ಉಳಿದ ಹೊತ್ತಿಗೆ ಏನೂ ಬರೀಬೇಡಿ. ಸೀಸನ್ ಇದ್ರೆ ಶನಿವಾರ ಬೆಳಿಗ್ಗೆ ರೈತರ ಸಂತೆ ಇರುತ್ತೆ. 1911ರ ಹಳೇ ಲೈಬ್ರರಿ ಕಟ್ಟಡದಲ್ಲಿ ಊರಿನ ಮ್ಯೂಸಿಯಂ ಇದೆ. ಸೈಕಲ್ ಬಾಡಿಗೆಗೆ ಸಿಗುತ್ತೆ. ಬೇಸಿಗೆಯಾದ್ರೆ ಹೊಳೆ ಇದೆ. ಇದು ಯಾವುದನ್ನೂ ಮಾಡದೆ ಪ್ಲಾಜಾದ ಬೆಂಚ್ ಮೇಲೆ ಪುಸ್ತಕ ಹಿಡ್ಕೊಂಡು ನಿದ್ದೆ ಹೊಡೆದ್ರೂ ನಿಮ್ಮ ಮ್ಯಾನೇಜರ್ ಕೇಳಲ್ಲ.

ಸೋಮವಾರ ಆಫೀಸಲ್ಲಿ 'ವೀಕೆಂಡಲ್ಲಿ ಎಷ್ಟು ವೈನರಿ ಕವರ್ ಮಾಡಿದ್ರಿ?' ಅಂತ ಯಾರಾದ್ರೂ ಕೇಳಿದ್ರೆ 'ಎರಡು' ಅನ್ನೋಕೆ ಅವಮಾನ ಪಡಬೇಡಿ. ಹನ್ನೆರಡು ಮಾಡ್ಕೊಂಡು ಬಂದು ಕಣ್ಣು ಕೆಂಪಗೆ ಮಾಡ್ಕೊಂಡು ಸ್ಟ್ಯಾಂಡ್-ಅಪ್ ಮೀಟಿಂಗಲ್ಲಿ ತೂಕಡಿಸೋರೂ ಅಲ್ಲೇ ಇರ್ತಾರೆ, ಹೋಲಿಸಿ ನೋಡಿ.

ಇಷ್ಟಾದ ಮೇಲೂ ನಿಮ್ಮ ಶೀಟೇ ಸರಿ ಅನ್ಸಿದ್ರೆ ಕೆಳಗೆ ಬನ್ನಿ, ಜಗಳ ಆಡೋಣ. ಡ್ರೈವರ್ ಕಾಲಮ್ಮಲ್ಲಿ ಹೆಸರಿರೋರು ಬರೆದ್ರೆ ಇನ್ನೂ ಸಂತೋಷ :-)