ಪಾಲಾದ ಮನೆಯ ಕಣಜ

ಅವಿಭಕ್ತ ಕುಟುಂಬದಿಂದ ಪಾಲು ಪಡೆದು ಹೊರಡುವವನಿಗೆ ಒಂದು ಹಂಬಲವಿರುತ್ತದೆ: ಇಲ್ಲಿ ಸುರಿದದ್ದನ್ನೆಲ್ಲ ಇನ್ನು ತನ್ನ ಮಕ್ಕಳಿಗೇ ಉಣಿಸಬಹುದು ಎಂದು. ಬೇರೆ ಒಲೆಗೆ ಬೇರೆ ಸೌದೆಯೂ ಬೇಕೆಂಬುದು ಆಮೇಲೆ ತಿಳಿಯುತ್ತದೆ.

2016ರಲ್ಲಿ ಐರೋಪ್ಯ ಒಕ್ಕೂಟವನ್ನು ತೊರೆಯಬೇಕೆಂದ ಬ್ರಿಟನ್ನಿನ ಮುಂದಾಳುಗಳ ಮಾತೂ ಇದೇ ಆಗಿತ್ತು. ವಾರಕ್ಕೆ 35 ಕೋಟಿ ಪೌಂಡು ಒಕ್ಕೂಟಕ್ಕೆ ಹೋಗುತ್ತಿದೆ, ಅದನ್ನು ನಮ್ಮ ಆರೋಗ್ಯ ಸೇವೆಗೆ ಕೊಡೋಣವೆಂದು ಕೆಂಪು ಬಸ್ಸಿನ ಮೇಲೆ ಬರೆಸಿ ಊರೂರು ತಿರುಗಿಸಿದರು. ಬ್ರಿಟನ್ನಿಗೆ ಸಿಗುತ್ತಿದ್ದ ರಿಯಾಯಿತಿಯನ್ನು ಕಳೆಯದ ಲೆಕ್ಕವದು. ಆ ದೇಶದ ಅಂಕಿ ಅಂಶಗಳ ಪ್ರಾಧಿಕಾರವೇ ಅದನ್ನು ಆಕ್ಷೇಪಿಸಿತು. 2020ರ ಜನವರಿ 31ರಂದು ಬ್ರಿಟನ್ ಹೊರಬಂದಿತು. ಆರೋಗ್ಯದ ಅನುದಾನವೇನೋ ಏರಿತು. ಆದರೆ ಮರುವರ್ಷ ಹಣ ಹೊಂದಿಸಲು ಸರ್ಕಾರ ದುಡಿಮೆಯ ಮೇಲೆ ಶೇ. 1.25ರಷ್ಟು ಹೆಚ್ಚಿನ ವಂತಿಗೆಯನ್ನು ಸಾರಿ, 2022ರಲ್ಲಿ ಅದನ್ನೂ ಕೈಬಿಟ್ಟಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಚಿಕಿತ್ಸೆಗಾಗಿ ಕಾದವರ ಪಟ್ಟಿ 70 ಲಕ್ಷ ದಾಟಿತ್ತು. ಕೋವಿಡ್ ಪಿಡುಗು ಇದಕ್ಕೆ ದೊಡ್ಡ ಕಾರಣವೆಂಬುದು ನಿಜ. ಬಸ್ಸಿನ ಮೇಲಿನ ಬರಹ ಒದಗಿಬರಲಿಲ್ಲವೆಂಬುದೂ ಅಷ್ಟೇ ನಿಜ.

ರಾಷ್ಟ್ರವೊಂದು ಒಕ್ಕೂಟವನ್ನು ಬಿಡುವುದಕ್ಕೂ ಜಿಲ್ಲೆಯೊಂದು ಇಬ್ಭಾಗವಾಗುವುದಕ್ಕೂ ಅಜಗಜಾಂತರ. ಆದರೂ ಆಸೆಯ ಬೇರು ಒಂದೇ. 2007ರ ಆಗಸ್ಟ್‌ನಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರೆಯಾದಾಗ, ಕಛೇರಿಗಳೊಡನೆ ಆರೋಗ್ಯವೂ ಮನೆಬಾಗಿಲಿಗೆ ಬಂದೀತೆಂದು ನಾವೂ ಹಿಗ್ಗಿದೆವು. ಜಿಲ್ಲೆಯಾದ್ದರಿಂದ ಆಡಳಿತ ಹತ್ತಿರವಾಯಿತು, ಅದನ್ನು ಅಲ್ಲಗಳೆಯಲಾಗದು. ಆದರೆ ಆಸ್ಪತ್ರೆ ನಡೆಸಲು ಜಿಲ್ಲೆಗೆ ತನ್ನದೇ ಆದ ಬೊಕ್ಕಸವಿಲ್ಲ. ಸಂವಿಧಾನದಂತೆ ಸಾರ್ವಜನಿಕ ಆರೋಗ್ಯ ರಾಜ್ಯದ ಹೊಣೆ. ರಾಷ್ಟ್ರೀಯ ಆರೋಗ್ಯ ಅಭಿಯಾನದ ವೆಚ್ಚದಲ್ಲಿ ಕೇಂದ್ರದ ಪಾಲು 60, ನಮ್ಮ ರಾಜ್ಯದ ಪಾಲು 40. ಗಡಿಗೆರೆ ಎಲ್ಲೇ ಬೀಳಲಿ, ಕಣಜದ ಬೀಗದಕೈ ಬೆಂಗಳೂರು ದಿಲ್ಲಿಗಳಲ್ಲೇ ಇರುತ್ತದೆ.

2025ರಲ್ಲಿ ಜಿಲ್ಲೆಗೆ 'ಬೆಂಗಳೂರು ದಕ್ಷಿಣ'ವೆಂಬ ಹೆಸರಿಡಲು ಸಚಿವ ಸಂಪುಟ ತೀರ್ಮಾನಿಸಿತು. ಬಿಟ್ಟುಬಂದ ಮನೆಯ ಹೆಸರೇ ಮರಳಿ ಬಾಗಿಲ ಮೇಲೆ ಕುಳಿತಂತಾಯಿತು. ಹೆಸರಿಗೆ ಹೊನ್ನ ಹೆಗ್ಗಡೆ, ಎಸರಿಗೆ ಅಕ್ಕಿಯಿಲ್ಲ ಎಂದಾಗಬಾರದಲ್ಲವೆ? ಕನಕಪುರದ ಕಾಡಂಚಿನ ಹಳ್ಳಿಯಲ್ಲಿ ನಡುರಾತ್ರಿ ನೋವು ತಿಂದ ಬಸುರಿ ಕೇಳುವುದು ಜಿಲ್ಲೆಯ ಹೆಸರನ್ನಲ್ಲ. ತೆರೆದ ಬಾಗಿಲನ್ನು, ಎಚ್ಚರವಾಗಿರುವ ದಾದಿಯನ್ನು.

ರಾಜ್ಯಗಳು ತಮ್ಮ ಆಯವ್ಯಯದಲ್ಲಿ ಶೇ. 8ಕ್ಕೂ ಮಿಕ್ಕಿದ ಭಾಗವನ್ನು 2020ರೊಳಗೆ ಆರೋಗ್ಯಕ್ಕೆ ಮೀಸಲಿಡಬೇಕೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಹೇಳಿತ್ತು. ಆ ಮಾತು ಎಷ್ಟು ನಡೆಯಿತೆಂದು ವರ್ಷವರ್ಷವೂ ಕೇಳುವುದು ಪ್ರಜೆಯ ಕರ್ತವ್ಯ. ನಮ್ಮ ವಿದ್ಯಾರ್ಥಿಗಳು ಕಾವ್ಯವನ್ನು ಓದುವ ಶ್ರದ್ಧೆಯಿಂದಲೇ ಆಯವ್ಯಯ ಪತ್ರವನ್ನೂ ಓದಲಿ. ಮಾತಿಗೂ ಅರ್ಥಕ್ಕೂ ಇರುವ ಅಂತರವನ್ನು ಅಳೆಯುವ ವಿದ್ಯೆ ಎರಡಕ್ಕೂ ಒಂದೇ.