ಹಳ್ಳಿಯ ಧರ್ಮಾಸ್ಪತ್ರೆ: ಕಟ್ಟಡಕ್ಕೆ ಮೊದಲು

ತಂದೆತಾಯಿಗಳ ಸ್ಮರಣಾರ್ಥವಾಗಿ ಹುಟ್ಟೂರಿನಲ್ಲಿ ಒಂದು ಧರ್ಮಾಸ್ಪತ್ರೆಯನ್ನು ಕಟ್ಟಿಸಬೇಕೆಂಬ ಆಸೆ ನಮ್ಮಲ್ಲಿ ಅನೇಕ ಸಹೃದಯರಿಗೆ ಉಂಟು. ಈ ಆಸೆ ಶ್ಲಾಘ್ಯವಾದುದು. ಹಿಂದೆ ಕೆರೆ, ಬಾವಿ, ಅರವಟ್ಟಿಗೆ, ಛತ್ರಗಳನ್ನು ಕಟ್ಟಿಸಿದವರ ಪರಂಪರೆಗೆ ಸೇರಿದುದು. ಆದರೆ ಛತ್ರಕ್ಕೂ ಆಸ್ಪತ್ರೆಗೂ ಒಂದು ಭೇದವಿದೆ. ಛತ್ರದ ಬಾಗಿಲನ್ನು ತೆರೆದಿಟ್ಟರೆ ದಾರಿಹೋಕರು ತಾವಾಗಿಯೇ ಬಂದು ತಂಗುತ್ತಾರೆ. ಆಸ್ಪತ್ರೆಯ ಬಾಗಿಲನ್ನು ತೆರೆದಿಟ್ಟ ಮಾತ್ರಕ್ಕೆ, ಅದರ ಅಗತ್ಯ ಅತ್ಯಂತ ಹೆಚ್ಚಾಗಿರುವ ಬಡವರು ಒಳಕ್ಕೆ ಬರುತ್ತಾರೆಂದು ಹೇಳುವಂತಿಲ್ಲ. ಕಟ್ಟಡದ ನಕ್ಷೆಯನ್ನು ಬರೆಯಿಸುವುದಕ್ಕೆ ಮೊದಲು ಆ ಸೀಮೆಯ ಜನರನ್ನು ವಿಚಾರಿಸುವ ಕೆಲಸವೂ, ಅಲ್ಲಿಯ ರೋಗಗಳನ್ನೂ ಮರಣಗಳನ್ನೂ ಲೆಕ್ಕ ಹಾಕುವ ಕೆಲಸವೂ ನಡೆಯಬೇಕೆಂಬುದು ನಮ್ಮ ಅಭಿಪ್ರಾಯ. ಇದಕ್ಕೆ ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯಲ್ಲಿ ಉತ್ತಮವಾದ ನಿದರ್ಶನವಿದೆ.

ಗಡಚಿರೋಲಿಯು 1982ರಲ್ಲಿ ಚಂದ್ರಪುರದಿಂದ ಬೇರ್ಪಟ್ಟು ರಚಿತವಾದ, ಕಾಡು ದಟ್ಟವಾಗಿರುವ, ಗೊಂಡ ಜನರು ಹೆಚ್ಚಾಗಿ ವಾಸಿಸುವ ಜಿಲ್ಲೆ. ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿಗಳು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ಸಾರ್ವಜನಿಕ ಆರೋಗ್ಯಶಾಸ್ತ್ರವನ್ನು ಕಲಿತು ಬಂದು, 1986ರಲ್ಲಿ ಅಲ್ಲಿ ಕೆಲಸಕ್ಕೆ ತೊಡಗಿದರು. ಅವರ ಸಂಸ್ಥೆಯ ಹೆಸರು ‘ಸರ್ಚ್’. ದೊಡ್ಡ ಆಸ್ಪತ್ರೆಗೆ ನೀವೇಕೆ ಹೋಗುವುದಿಲ್ಲವೆಂದು ಅವರು ಗೊಂಡರನ್ನು ವಿಚಾರಿಸಿದಾಗ ದೊರೆತ ಉತ್ತರಗಳು ಯಾವ ವಾಸ್ತುಶಿಲ್ಪಿಯ ಪುಸ್ತಕದಲ್ಲಿಯೂ ಸಿಕ್ಕುವಂತಹವಲ್ಲ. ಅಷ್ಟು ದೊಡ್ಡ ಕಟ್ಟಡದಲ್ಲಿ ದಾರಿ ತಪ್ಪುತ್ತದೆ. ರೋಗಿಯನ್ನು ಒಳಗೆ ಸೇರಿಸಿಕೊಂಡು ನಂಟರನ್ನು ಹೊರಗೆ ಕಳುಹಿಸುತ್ತಾರೆ. ಬಿಳಿಯ ಬಟ್ಟೆಯನ್ನು ನಾವು ಹೊದಿಸುವುದು ಹೆಣಕ್ಕೆ, ಅದನ್ನೇ ತೊಟ್ಟವರು ಪ್ರಾಣವನ್ನು ಹೇಗೆ ಉಳಿಸಿಯಾರು ಎಂಬ ಅರ್ಥದ ಮಾತುಗಳನ್ನು ಅವರು ಆಡಿದರು. ಇವನ್ನು ಮೌಢ್ಯವೆಂದು ತಳ್ಳಿಹಾಕುವುದು ಸುಲಭವಾಗಿತ್ತು. ಬಂಗ್ ದಂಪತಿಗಳು ಹಾಗೆ ಮಾಡಲಿಲ್ಲ. ಆಸ್ಪತ್ರೆ ಗೊಂಡರ ಹಳ್ಳಿಯಂತೆ ಬಿಡಿಬಿಡಿಯಾದ ಗುಡಿಸಿಲುಗಳಾಗಿ ಎದ್ದಿತು. ರೋಗಿಯೊಡನೆ ಮನೆಯವರೂ ಉಳಿಯುವುದಕ್ಕೆ ಎಡೆಯಿತ್ತು. ಅದಕ್ಕೆ ಆ ಜನರ ದೇವತೆಯಾದ ದಂತೇಶ್ವರಿಯ ಹೆಸರೇ ಬಂದಿತು. ದಾನಿಯ ಹೆಸರನ್ನು ಅಮೃತಶಿಲೆಯಲ್ಲಿ ಕೆತ್ತಿಸುವ ನಮ್ಮ ಪದ್ಧತಿಯನ್ನು ಇಲ್ಲಿ ವಾಚಕರು ನೆನೆಯಬಹುದು.

ಇನ್ನು ಎಣಿಕೆಯ ವಿಷಯ. ಆಸ್ಪತ್ರೆಗೆ ಬಂದವರನ್ನು ಮಾತ್ರ ಎಣಿಸಿದರೆ, ಬಾರದೆ ಉಳಿದವರ ಕಷ್ಟ ಲೆಕ್ಕಕ್ಕೆ ಸಿಕ್ಕುವುದಿಲ್ಲ. ರಾಣಿ ಬಂಗ್ ಮತ್ತು ಅವರ ಸಹೋದ್ಯೋಗಿಗಳು ಎರಡು ಹಳ್ಳಿಗಳ 650 ಮಂದಿ ಸ್ತ್ರೀಯರನ್ನು ಪರೀಕ್ಷಿಸಿ 1989ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಶೇಕಡಾ 92 ಮಂದಿಗೆ ಸ್ತ್ರೀರೋಗಗಳಲ್ಲಿ ಯಾವುದಾದರೂ ಒಂದು ಇದ್ದೇ ಇತ್ತು. ಅದಕ್ಕೆ ಮೊದಲು ಪರೀಕ್ಷೆ ಮಾಡಿಸಿಕೊಂಡಿದ್ದವರು ಶೇಕಡಾ 8 ಮಂದಿ ಮಾತ್ರ. ಹೆರಿಗೆಯ ಕೋಣೆಯನ್ನೊಂದು ಕಟ್ಟಿಸಿ ಸ್ತ್ರೀಯರ ಆರೋಗ್ಯಕ್ಕೆ ಅಷ್ಟು ಸಾಕೆಂದು ಭಾವಿಸುವವರು ಈ ಎರಡು ಅಂಕೆಗಳನ್ನು ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ನೋಡಬೇಕು. ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಅನುಭವವೂ ಇದೇ ದಾರಿಯದು. ಅಲ್ಲಿಯ ಸೋಲಿಗರಲ್ಲಿ ಕುಡುಗೋಲು ಕಣದ ರಕ್ತಹೀನತೆ ಉಂಟು. ಪಟ್ಟಣದ ಆಸ್ಪತ್ರೆಯ ಪ್ರತಿಯೊಂದನ್ನು ತಂದು ಬೆಟ್ಟದ ಮೇಲೆ ಇಟ್ಟರೆ ಈ ರೋಗವನ್ನು ಹುಡುಕಬೇಕೆಂಬುದೇ ಯಾರಿಗೂ ತೋರದು.

ಲೆಕ್ಕ ಹಾಕುತ್ತ ಹೋದಂತೆ ಗಡಚಿರೋಲಿಯಲ್ಲಿ ಇನ್ನೊಂದು ಸಂಗತಿ ಹೊರಪಟ್ಟಿತು. ಮಕ್ಕಳು ಸಾಯುತ್ತಿದ್ದುದು ಆಸ್ಪತ್ರೆಯಲ್ಲಲ್ಲ, ಮನೆಯಲ್ಲಿ. ಅವರಲ್ಲಿ ಬಹುಮಂದಿ ಹುಟ್ಟಿದ ತಿಂಗಳೊಳಗೇ. ಕಾರಣಗಳು ಅಪೂರ್ವವಾದುವಲ್ಲ: ತೂಕ ಸಾಲದೆ ಹುಟ್ಟುವುದು, ಹುಟ್ಟಿದೊಡನೆ ಉಸಿರು ಹಿಡಿಯದಿರುವುದು, ಮೈ ತಣ್ಣಗಾಗುವುದು, ರಕ್ತಕ್ಕೆ ನಂಜೇರುವುದು, ನ್ಯುಮೋನಿಯ. ಶ್ವಾಸಕೋಶದ ಗಾಳಿಗೂಡುಗಳಲ್ಲಿ ದ್ರವ ತುಂಬಿಕೊಂಡರೆ ರಕ್ತಕ್ಕೆ ಸಾಕಷ್ಟು ಆಮ್ಲಜನಕ ಸೇರುವುದಿಲ್ಲ. ಆ ಕೊರತೆಯನ್ನು ನೀಗಿಕೊಳ್ಳಲು ಕೂಸು ಬೇಗಬೇಗನೆ ಉಸಿರಾಡುತ್ತದೆ. ಎರಡು ತಿಂಗಳೊಳಗಿನ ಮಗುವಿನ ಉಸಿರು ನಿಮಿಷಕ್ಕೆ 60 ಅಥವಾ ಅದಕ್ಕೂ ಹೆಚ್ಚಾದರೆ ಅಪಾಯವೆಂದು ತಿಳಿಯಬೇಕು. ಇದನ್ನು ಕಂಡುಹಿಡಿಯಲು ಕ್ಷಕಿರಣ ಯಂತ್ರ ಬೇಡ, ಎಣಿಸಲು ಬಂದರೆ ಸಾಕು. ಆದರೆ ಓದುಬರಹವಿಲ್ಲದ ಸೂಲಗಿತ್ತಿಯರಿಗೆ ಅರುವತ್ತರವರೆಗಿನ ಎಣಿಕೆಯೇ ಕಷ್ಟ. ಅವರಿಗಾಗಿ ಬಂಗ್ ದಂಪತಿಗಳು ಒಂದು ಸಾಧನವನ್ನು ರಚಿಸಿದರು: ಮಣಿಗಳನ್ನು ಪೋಣಿಸಿದ ಚಿಕ್ಕ ಚೌಕಟ್ಟು, ಒಂದು ನಿಮಿಷದ ಮರಳುಗಡಿಯಾರ. ಹತ್ತು ಉಸಿರಿಗೆ ಒಂದು ಮಣಿಯನ್ನು ಸರಿಸಬೇಕು. ಮರಳು ಇಳಿದು ಮುಗಿಯುವುದರೊಳಗೆ ಕೆಂಪು ಮಣಿಯ ಸರದಿ ಬಂದರೆ ನ್ಯುಮೋನಿಯವೆಂದು ತಿಳಿದು ಔಷಧ ಕೊಡಬೇಕು. ಇಷ್ಟು ಅಗ್ಗವಾದ ಉಪಕರಣವನ್ನು ಉದ್ಘಾಟಿಸಲು ಮಂತ್ರಿಗಳು ಬರಲಾರರು!

ಮುಂದೆ 39 ಹಳ್ಳಿಗಳಲ್ಲಿ ಅಲ್ಲಿಯವರೇ ಆದ ಹೆಂಗಸರನ್ನು ಆರಿಸಿ, ಎಳೆಗೂಸನ್ನು ತೂಗುವುದು, ಬೆಚ್ಚಗಿಡುವುದು, ಉಸಿರು ಕಟ್ಟಿದಾಗ ಉಪಚರಿಸುವುದು, ನಂಜಿನ ಚಿಹ್ನೆಗಳನ್ನು ಗುರುತಿಸಿ ಸೂಜಿಮದ್ದು ಕೊಡುವುದು ಇವನ್ನೆಲ್ಲ ಕಲಿಸಿದರು. ಹೋಲಿಕೆಗಾಗಿ ಬೇರೆ 47 ಹಳ್ಳಿಗಳ ಲೆಕ್ಕವನ್ನೂ ಇಟ್ಟರು. ಪ್ರಯೋಗ ಆರಂಭವಾಗುವ ಮೊದಲು, ಹುಟ್ಟಿದ ಸಾವಿರ ಕೂಸುಗಳಲ್ಲಿ 62 ಒಂದು ತಿಂಗಳೊಳಗೆ ಸಾಯುತ್ತಿದ್ದುವು. 1995ರಿಂದ 1998ರವರೆಗಿನ ಪ್ರಯೋಗದ ಮೂರನೆಯ ವರ್ಷಕ್ಕೆ ಆ ಸಂಖ್ಯೆ 25ರ ಆಸುಪಾಸಿಗೆ ಇಳಿಯಿತು. ಹೋಲಿಕೆಯ ಹಳ್ಳಿಗಳಲ್ಲಿ ಅದು ಹೆಚ್ಚು ಕಡಿಮೆ ಇದ್ದಂತೆಯೇ ಇತ್ತು. ಈ ವರದಿ 1999ರ ಡಿಸೆಂಬರ್ ತಿಂಗಳ ‘ಲ್ಯಾನ್ಸೆಟ್’ನಲ್ಲಿ ಅಚ್ಚಾಯಿತು.

ಅರೆಕಲಿತ ಹೆಂಗಸರ ಕೈಗೆ ಸೂಜಿಯನ್ನು ಕೊಡುವುದೆಂದರೆ ಬಡವರಿಗೆ ಎರಡನೆಯ ದರ್ಜೆಯ ವೈದ್ಯವನ್ನು ಹಂಚಿದಂತಲ್ಲವೆ ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪ ಹಗುರವಾದುದಲ್ಲ, ತರಬೇತಿಯೂ ಮೇಲ್ವಿಚಾರಣೆಯೂ ಸಡಿಲವಾದ ಕಡೆ ಅದು ನಿಜವೇ ಆದೀತು. ಆದರೆ ಆ ಹಳ್ಳಿಗಳಲ್ಲಿ ಮೊದಲನೆಯ ದರ್ಜೆಯ ವೈದ್ಯ ಇರಲಿಲ್ಲವೆಂಬುದನ್ನೂ, ಸಾವಿನ ಲೆಕ್ಕವನ್ನು ಮುಚ್ಚಿಡದೆ ಜಗತ್ತಿನ ಮುಂದೆ ಇಟ್ಟರೆಂಬುದನ್ನೂ ಮರೆಯಬಾರದು. ಕಟ್ಟಡವೇ ಬೇಡವೆಂದು ನಾವು ಹೇಳುತ್ತಿಲ್ಲ. ಹೆರಿಗೆಯಲ್ಲಿ ಕೂಸು ಅಡ್ಡಲಾಗಿ ನಿಂತರೆ ಶಸ್ತ್ರಚಿಕಿತ್ಸೆಯ ಕೊಠಡಿ ಬೇಕು, ಅರಿವಳಿಕೆ ಕೊಡಬಲ್ಲವರು ಬೇಕು, ರಕ್ತ ಬೇಕು, ನಡುರಾತ್ರಿಯಲ್ಲಿಯೂ ಆರದ ದೀಪ ಬೇಕು. ಮಣಿಕಟ್ಟಿನಿಂದ ಆ ಕೆಲಸ ಸಾಗದು.

ಇಲ್ಲಿಯೇ ಹಣದ ಪ್ರಶ್ನೆ ಏಳುತ್ತದೆ. ಗೋಡೆಗೆ ಹಣ ಕೊಡುವವರು ದೊರೆಯುತ್ತಾರೆ. ದಾದಿಯ ಸಂಬಳಕ್ಕೆ, ಲಸಿಕೆಯ ಶೀತಪೆಟ್ಟಿಗೆಗೆ, ವಿದ್ಯುತ್ತಿನ ಬಿಲ್ಲಿಗೆ ವರ್ಷ ವರ್ಷವೂ ಕೊಡುವವರು ವಿರಳ. ಆದುದರಿಂದ, ಸಂಗ್ರಹವಾದ ಹಣದಲ್ಲಿ ಅರ್ಧವನ್ನಾದರೂ ಕಟ್ಟಡಕ್ಕೆ ಮುಟ್ಟಗೊಡದೆ ಮೂಲನಿಧಿಯಾಗಿ ಇಡಬೇಕೆಂದು ನಾವು ಭಾವಿಸುತ್ತೇವೆ. ಹತ್ತು ಹಾಸಿಗೆಗಳ ಜಾಗದಲ್ಲಿ ಐದೇ ಆದರೂ ಚಿಂತೆಯಿಲ್ಲ. ಆ ಊರಿನ ಹುಡುಗಿಯರನ್ನೇ ದಾದಿಯರ ಶಿಕ್ಷಣಕ್ಕೆ ಕಳುಹಿಸಿದರೆ, ಹೊರಗಿನಿಂದ ಬಂದವರು ಬಿಟ್ಟು ಹೋದ ಮೇಲೂ ಅವರು ಉಳಿಯುವ ಸಂಭವ ಹೆಚ್ಚು.

2011ರಿಂದ ಸರಕಾರವು ನವಜಾತ ಶಿಶುಗಳ ಮನೆಯಾರೈಕೆಯನ್ನು ದೇಶವ್ಯಾಪಿ ಕಾರ್ಯಕ್ರಮವನ್ನಾಗಿ ಸ್ವೀಕರಿಸಿದೆ. ಅದರಂತೆ ಕರ್ನಾಟಕದಲ್ಲಿಯೂ ಆಶಾ ಕಾರ್ಯಕರ್ತೆಯರು ಹೆರಿಗೆಯಾದ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಬಾಣಂತಿಯ ಮನೆಗೆ ಹೋಗಿ ಕೂಸನ್ನು ನೋಡಬೇಕು. ಹೀಗೆ ನೋಡಿದಾಕೆ ರಾತ್ರಿ ಹತ್ತು ಗಂಟೆಗೆ ಒಂದು ಕೂಸಿನ ಸ್ಥಿತಿ ಕೆಟ್ಟಿದೆಯೆಂದು ಕರೆದರೆ, ಓಗೊಡುವವರು ಎಷ್ಟು ಮೈಲಿ ದೂರದಲ್ಲಿದ್ದಾರೆ? ಹೊಸ ಧರ್ಮಾಸ್ಪತ್ರೆಯ ಸ್ಥಳವನ್ನು ಈ ಪ್ರಶ್ನೆಗೆ ಬರುವ ಉತ್ತರದಿಂದ ಗೊತ್ತುಮಾಡಬೇಕು. ಧರ್ಮದರ್ಶಿಗಳು ತಮ್ಮ ಮೊದಲನೆಯ ಸಭೆಗೆ ಎಂಜಿನಿಯರನ್ನು ಕರೆಯದಿದ್ದರೂ ಸರಿಯೆ, ಆ ಸೀಮೆಯ ಆಶಾ ಕಾರ್ಯಕರ್ತೆಯರನ್ನೂ ಹಳೆಯ ಸೂಲಗಿತ್ತಿಯರನ್ನೂ ಕರೆಯಲಿ. ಮಳೆಗಾಲದಲ್ಲಿ ಯಾವ ಹಳ್ಳದ ಆಚೆಗೆ ಗಾಡಿ ಹೋಗದು, ಯಾವ ಹಟ್ಟಿಯವರು ದವಾಖಾನೆಯ ಹೆಸರೆತ್ತಿದರೆ ಹಿಂಜರಿಯುತ್ತಾರೆ ಎಂಬುದನ್ನು ಅವರು ಒಂದು ಮಧ್ಯಾಹ್ನದಲ್ಲಿ ಹೇಳಬಲ್ಲರು.